ಗುತ್ತೂರಿನ ಕಠಾರಿ

ಹೋದ ವಾರ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಸೊಸೆ ಅಂಗಳದಲ್ಲಿ ಕೂತು ಹಳೆಯ ಈಳಿಗೆಮಣೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ನಾನು ಪೇಪರು ಹಿಡಿದು ಕಟ್ಟೆಯ ಮೇಲೆ ಕೂತಿದ್ದೆ. ತುಕ್ಕು, ಹುಣಸೆ ಎರಡೂ ಕಲೆತ ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಟ್ಟೆ ತೊಳಸಿ ಬಂತು. ಪೇಪರು ಅಲ್ಲೇ ಬಿಟ್ಟು ಎದ್ದು ಒಳಗೆ ಹೋದೆ. ಹೆಂಡತಿ ಏನಾಯಿತು ಅಂದಳು. ಪಿತ್ತ ಅಂದೆ. ಮದುವೆಯಾದ ದಿನದಿಂದ ಅವಳಿಗೆ ಪಿತ್ತ ಅಂತಲೇ ಹೇಳಿಕೊಂಡು ಬಂದಿದ್ದೇನೆ. ಪಿತ್ತವೂ ಅಲ್ಲ, ಗಿತ್ತವೂ ಅಲ್ಲ. ಅದು ಹೇಸಿಗೆ. ಅದರಲ್ಲಿ ಅರ್ಧದಷ್ಟು ಈ ಊರಿನ ಒಬ್ಬ ಸಾಹುಕಾರರ ಮೇಲಿನದು, ಉಳಿದರ್ಧ ನನ್ನ ಮೇಲಿನದು. ಈಗ ಸಾಹುಕಾರರಿಲ್ಲ, ಹಾಗಾಗಿ ಪೂರ್ತಿ ನನಗೇ ಉಳಿದಿದೆ.

ಅರವತ್ತರ ದಶಕದ ಮೊದಲ ವರ್ಷಗಳು. ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮಾಸ್ತರು. ಕೆಲಸ ಖಾಯಂ ಆಗಿರಲಿಲ್ಲ. ಪ್ರತಿ ವರ್ಷ ಶಾಲೆಯ ಕಮಿಟಿಯವರು ‘ನೋಡೋಣ’ ಅನ್ನುತ್ತಿದ್ದರು, ನಾನು ಕೈಕಟ್ಟಿಕೊಂಡು ‘ಆಗಲಿ’ ಅನ್ನುತ್ತಿದ್ದೆ. ಆ ಕಮಿಟಿಯಲ್ಲಿ ಹತ್ತಿ ವ್ಯಾಪಾರದ ಮುರಿಗೆಪ್ಪ ಸಾಹುಕಾರರ ಮಾತೇ ಮಾತು. ದಪ್ಪ ಆಸಾಮಿ, ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ. ಮಾತಾಡಿದರೆ ಎದುರಿಗಿದ್ದವನ ಅಂಗಿಗೆ ಕೆಂಪು ಹನಿ ಬೀಳುತ್ತಿತ್ತು. ಕೆಟ್ಟವರಲ್ಲ ಅಂತ ಜನ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ. ವಾರಕ್ಕೆ ಮೂರು ದಿನ ಅವರ ಮನೆಯಲ್ಲಿ ಮಂಡಕ್ಕಿ ಉಸುಳಿ ತಿನ್ನುವವನು ಬೇರೆ ಏನು ಹೇಳಿಯಾನು!

ಸಾಹುಕಾರರು ಹಿಂದಿನ ವರ್ಷ ಮೈಸೂರಿಗೆ ದಸರಾ ನೋಡಲು ಹೋಗಿದ್ದರು. ಅಲ್ಲಿ ಯಾರದೋ ಅರಸು ಮನೆತನದವರ ಬಂಗಲೆಯ ಗೋಡೆ ತುಂಬ ಕತ್ತಿ, ಗುರಾಣಿ, ಕಠಾರಿಗಳನ್ನು ತೂಗುಹಾಕಿದ್ದನ್ನು ಕಂಡರಂತೆ. ಬಂದವರೇ ತಮ್ಮ ಹೊಸ ಮನೆಯ ಹಾಲಿನ ಗೋಡೆ ನೋಡಿದರು. ಅಲ್ಲಿ ಎರಡು ಕ್ಯಾಲೆಂಡರು, ಒಂದು ನಿಲುವುಗನ್ನಡಿ, ಜಿಂಕೆಯ ಒಂದು ಕೊಂಬು. ಅವತ್ತಿನಿಂದ ಅವರಿಗೆ ತಾವೂ ಪಾಳೆಯಗಾರರ ಕಾಲದ ದಂಡಿನ ಮನೆತನದವರು ಅನ್ನಿಸತೊಡಗಿತು. ಅವರ ತಾತ ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಿದ್ದದ್ದು ಊರಿಗೇ ಗೊತ್ತಿತ್ತು. ಮೆಣಸಿನಕಾಯಿ ಮಾರುವುದರಲ್ಲಿ ಏನು ಕಡಿಮೆ? ಅವರಿಗೆ ಮಾತ್ರ ಅದು ಕಡಿಮೆಯಾಗಿ ಕಂಡಿತು. ‘ಮಾಸ್ತರೆ, ನಿಮ್ಮ ಅಕ್ಷರ ಚಂದ ಐತೆ, ಚಿತ್ರನೂ ಬರೀತೀರಿ. ಹಳೇ ಆಯುಧ ಸಂಗ್ರಹ ಮಾಡಾಣ, ನೀವು ಒಂದೊಂದಕ್ಕೂ ಚೀಟಿ ಬರೀರಿ’ ಅಂದರು. ಖಾಯಂ ಮಾಡುವ ಮಾತೂ ಅದೇ ಉಸಿರಿನಲ್ಲಿ ಬಂತು.

ನನಗೆ ಕತ್ತಿಯ ವಿಷಯ ಏನೂ ಗೊತ್ತಿರಲಿಲ್ಲ. ಕಲಿಸಿದವರು ಹರಿಹರದ ಇಮಾಮ್‌ಸಾಬರು. ದೇವಸ್ಥಾನದ ಹಿಂದಿನ ಓಣಿಯಲ್ಲಿ ಅವರ ಸಾಣೆ ಹಿಡಿಯುವ ಅಂಗಡಿ ಇತ್ತು. ಅವರ ಹಿರಿಯರು ದಂಡಿನವರ ಕತ್ತಿ ಮಸೆಯುತ್ತಿದ್ದವರು. ಇವರು ಕ್ಷೌರಿಕರ ಕತ್ತಿ, ದರ್ಜಿಯವರ ಕತ್ತರಿ ಮಸೆಯುತ್ತಿದ್ದರು. ಪ್ರತಿ ಭಾನುವಾರ ನಾನು ಸೈಕಲ್ ಹತ್ತಿ ಹರಿಹರಕ್ಕೆ ಹೋಗುತ್ತಿದ್ದೆ. ಮಳೆಗಾಲ ಮುಗಿಯುತ್ತ ಬಂದಿತ್ತು. ತುಂಗಭದ್ರೆ ಇನ್ನೂ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಅಂಗಡಿಯ ಮುಂದೆ ಮೊಣಕಾಲೂರಿ ಕೂತು ಅವರು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ, ಚಿತ್ರ ತೆಗೆಯುತ್ತಿದ್ದೆ. ಅಲಗನ್ನು ಎರಡು ಬೆರಳಲ್ಲಿ ಹಿಡಿದು ಉಗುರಿನಿಂದ ಮೀಟಿದರೆ ಹಳೆಯದರ ದನಿ ಹೇಗೆ ತಡವಾಗಿ ಆರುತ್ತದೆ, ಹೊಸದರದು ಹೇಗೆ ಪಟ್ಟನೆ ಸತ್ತುಹೋಗುತ್ತದೆ. ಪರಂಗಿಯವರ ಅಲಗಿಗೆ ನಮ್ಮ ದೇಶದ ಹಿಡಿ ಕೂರಿಸಿದ ಕತ್ತಿಯ ಗುರುತು ಏನು. ಕೊಡಲಿಯ ಕಾವು ತೂರಿಸುವ ಕಣ್ಣು ದುಂಡಗಿದ್ದರೆ ಸೌದೆಯದಾ, ಜಗಳದ್ದಾ. ಎಲ್ಲಕ್ಕಿಂತ ಹೆಚ್ಚಾಗಿ ಜೌಹರು. ಒಳ್ಳೆಯ ಹಳೆಯ ಉಕ್ಕಿನ ಮೈಮೇಲೆ ನೀರು ಅಲುಗಾಡಿದ ಹಾಗೆ ಸಣ್ಣ ಸಣ್ಣ ಗೆರೆ ಇರುತ್ತವೆ, ಅದಕ್ಕೆ ಅವರು ಜೌಹರು ಅನ್ನುತ್ತಿದ್ದರು. ಮೇಲೆ ಎಣ್ಣೆಯ ಕಪ್ಪು ಕೂತಿದ್ದರೆ ಅದು ಕಾಣುವುದಿಲ್ಲ. ಒಂದು ಹನಿ ನಿಂಬೆರಸ ಸವರಿ ಸ್ವಲ್ಪ ಹೊತ್ತು ಬಿಟ್ಟರೆ ಮೆಲ್ಲಗೆ ಮೇಲೆ ಬರುತ್ತದೆ. ಮೊದಲ ಸಲ ಒಂದು ಮುರುಕು ಅಲಗಿನ ಮೇಲೆ ಅದು ಮೂಡಿದ್ದನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತು. ಆ ಎರಡು ತಿಂಗಳು ನನಗೆ ನಿಜವಾಗಿ ಸಂತೋಷವಿತ್ತು, ಅದನ್ನು ಇಲ್ಲ ಅನ್ನಲಾರೆ. ಕಲಿತ ವಿದ್ಯೆಯನ್ನು ನಾನು ಏನಕ್ಕೆ ಬಳಸಿದೆ ಅನ್ನುವುದು ಮುಂದಿನ ಮಾತು.

ಆಯುಧ ಯಾರ ಮನೆಯಲ್ಲಿದೆ ಅಂತ ಗೊತ್ತಾಗುವುದು ಹೇಗೆ? ಹಳ್ಳಿಯವರು ಹಳೆಯ ಕತ್ತಿಯನ್ನು ಅಟ್ಟದ ಮೇಲೋ ದೇವರ ಕೋಣೆಯಲ್ಲೋ ಬಟ್ಟೆ ಸುತ್ತಿ ಇಟ್ಟಿರುತ್ತಾರೆ. ಹೋಗಿ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಆದರೆ ಮಹಾನವಮಿಯ ಖಂಡೆಪೂಜೆಯ ದಿನ ಪ್ರತಿ ಮನೆಯ ಪಡಸಾಲೆಯಲ್ಲೂ ಕಂಬಳಿ ಹಾಸಿ, ಇದ್ದಬದ್ದ ಕಬ್ಬಿಣವನ್ನೆಲ್ಲ ತೊಳೆದು ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ಬಾಗಿಲು ತೆರೆದಿರುತ್ತದೆ, ಬಂದವರನ್ನು ಕೂಡ್ರಿ ಅನ್ನುತ್ತಾರೆ. ಅವತ್ತು ಮನೆ ಮನೆ ಹೊಕ್ಕು ನೋಡಿಕೊಂಡು ಬರುವುದು, ಮರುದಿನ ಬನ್ನಿ ಕೊಡುವ ನೆಪದಲ್ಲಿ ಹೋಗಿ ಕೇಳುವುದು. ಈ ಉಪಾಯ ಸಾಹುಕಾರರದಲ್ಲ, ನನ್ನದು. ಅವರು ತೊಡೆ ತಟ್ಟಿ, ಮಾಸ್ತರ ತಲೆಯೇ ತಲೆ ಅಂದರು. ನಾನು ಹಲ್ಲು ಕಿರಿದೆ. ಥೂ!

ಕೇಳುವುದಕ್ಕೂ ಒಂದು ದಾರಿ ಹುಡುಕಿಕೊಂಡಿದ್ದೆವು. ಆಯುಧ ಇಟ್ಟುಕೊಳ್ಳುವುದಕ್ಕೆ ಹೊಸ ಕಾನೂನು ಬಂದಿದೆಯಂತೆ ಅಂತ ಪೇಟೆಯಲ್ಲಿ ಅಲ್ಲೊಂದು ಇಲ್ಲೊಂದು ಮಾತು ಓಡಾಡುತ್ತಿತ್ತು. ಅದು ಏನು ಎತ್ತ ನನಗೂ ಗೊತ್ತಿರಲಿಲ್ಲ, ಸಾಹುಕಾರರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಹೇಳಲು ಸುಲಭವಾಯಿತು. ಮನೆಯಲ್ಲಿ ಕತ್ತಿ ಇದ್ದರೆ ಲೈಸೆನ್ಸು ಬೇಕು, ಇಲ್ಲದಿದ್ದರೆ ಪೊಲೀಸರು ಬಂದು ಒಯ್ಯುತ್ತಾರೆ, ಆಮೇಲೆ ಕೋರ್ಟು ಕಚೇರಿ ಅಂತ ಅಲೆಯಬೇಕಾಗುತ್ತದೆ ಅನ್ನುವುದು. ಅದರ ಜೊತೆಗೆ ಇದೇನು ಅಂಥ ಬೆಲೆಬಾಳುವ ವಸ್ತುವಲ್ಲ, ಬರೇ ಕಬ್ಬಿಣ ಅನ್ನುವುದು. ಬದಲಿಗೆ ಆಗಷ್ಟೇ ಪೇಟೆಗೆ ಬರುತ್ತಿದ್ದ ಸ್ಟೀಲಿನ ತಂಬಿಗೆಯೊಂದನ್ನು ಕೈಗಿಡುವುದು. ಸಾಹುಕಾರರ ಜೀಪಿನ ಹಿಂದೆ ಗೋಣಿಚೀಲದಲ್ಲಿ ಹುಲ್ಲು ಹಾಕಿ ತಂಬಿಗೆಗಳನ್ನು ತುಂಬಿಕೊಂಡು ಹೋಗುತ್ತಿದ್ದೆವು. ಬರುವಾಗ ಅದೇ ಚೀಲದಲ್ಲಿ ಕತ್ತಿಗಳು ಬರುತ್ತಿದ್ದವು.

ಗುತ್ತೂರಿನಲ್ಲಿ ಹನುಮಂತಪ್ಪ ಅನ್ನುವ ರೈತನ ಮನೆಯಲ್ಲಿ ಆ ಕಠಾರಿಯನ್ನು ಕಂಡೆ. ಕಂಬಳಿಯ ಮೇಲೆ ಕುಡುಗೋಲು, ಕೊಡಲಿ, ಕುಂಟೆಯ ಕುಡ, ನಡುವೆ ಅದು. ಕಠಾರಿಯನ್ನು ಕಾಣದವರಿಗೆ ಹೇಳುತ್ತೇನೆ: ಅದಕ್ಕೆ ಚಾಕುವಿನ ಹಾಗೆ ಉದ್ದನೆಯ ಹಿಡಿ ಇರುವುದಿಲ್ಲ. ಎರಡು ಕಂಬಿಗಳ ನಡುವೆ ಅಡ್ಡಪಟ್ಟಿ ಇರುತ್ತದೆ, ಅದನ್ನು ಮುಷ್ಟಿಯಲ್ಲಿ ಹಿಡಿದರೆ ಅಲಗು ಬೆರಳುಗಳ ಮುಂದಕ್ಕೆ ನೆಟ್ಟಗೆ ಚಾಚಿಕೊಳ್ಳುತ್ತದೆ. ಈ ಕಠಾರಿಯ ಮೈಯೆಲ್ಲ ಎಣ್ಣೆ ಕುಡಿದು ಕಪ್ಪಾಗಿತ್ತು. ಎಡಗಡೆಯ ಕಂಬಿ ಎಂದೋ ಸೀಳಿದ್ದಕ್ಕೆ ತಾಮ್ರದ ತಂತಿ ಸುತ್ತಿದ್ದರು. ಆದರೆ ತುದಿಯ ಮೂರು ಬೆರಳಿನಷ್ಟು ಜಾಗ ಮಾತ್ರ ಬೆಳ್ಳಗಿತ್ತು, ಅಲ್ಲಿ ಜೌಹರು ಎದ್ದು ಕಾಣುತ್ತಿತ್ತು. ಇಲ್ಲಿ ಮಾತ್ರ ಯಾಕೆ ಹೀಗೆ ಅಂತ ಕೇಳಿದೆ. ಮದುವೆಯಲ್ಲಿ ಮದುಮಗನ ಕೈಗೆ ಅದನ್ನು ಕೊಟ್ಟು, ದೃಷ್ಟಿಯಾಗದಿರಲಿ ಅಂತ ತುದಿಗೆ ನಿಂಬೆಹಣ್ಣು ಚುಚ್ಚುತ್ತೇವೆ ಅಂದ ಹನುಮಂತಪ್ಪ. ಅರಿಶಿಣದಲ್ಲಿ ಮಿಂದು ಹೊಸ್ತಿಲು ದಾಟುವಾಗಿನಿಂದ ತಾಳಿ ಕಟ್ಟುವ ತನಕ ಕೆಳಗಿಡುವಂತಿಲ್ಲ. ಎಷ್ಟೋ ತಲೆಮಾರಿನ ಗಂಡುಗಳು ಹೀಗೆ ನಿಂಬೆಹಣ್ಣು ಚುಚ್ಚಿಕೊಂಡು ನಿಂತು ನಿಂತು ಆ ತುದಿಯ ಉಕ್ಕು ತನ್ನಷ್ಟಕ್ಕೆ ಬೆಳಗಿತ್ತು. ಇಮಾಮ್‌ಸಾಬರು ಕಲಿಸಿದ್ದು ಇಲ್ಲಿ ಯಾರೂ ಕಲಿಸದೆ ನಡೆದಿತ್ತು.

ಮರುದಿನ ಬನ್ನಿ ಹಿಡಿದುಕೊಂಡು ಹೋದೆವು. ‘ಬನ್ನಿ ತಗಂಡು ಬಂಗಾರದಂಗೆ ಇರಾಣ’ ಅಂತ ಸೊಪ್ಪು ಕೊಟ್ಟು, ಅವರು ಕೊಟ್ಟ ಸೊಪ್ಪು ಇಸಿದುಕೊಂಡು, ಅದೇ ಬಾಯಲ್ಲಿ ಪೊಲೀಸರ ಕಥೆ ಶುರು ಮಾಡಿದೆ. ಹನುಮಂತಪ್ಪನ ಮುಖ ಬಿಳಿಚಿತು. ಅವನ ತಾಯಿ ಹಾಲಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದು ದೃಷ್ಟಿ ಪೂರ್ತಿ ಹೋಗಿತ್ತು. ಗಂಡ ತೀರಿದ ಮೇಲೆ ವರ್ಷಕ್ಕೊಮ್ಮೆ ಆ ಕಠಾರಿಯನ್ನು ಅಟ್ಟದಿಂದ ಇಳಿಸಿಕೊಂಡು ತೊಳೆದು ಎಣ್ಣೆ ಹಚ್ಚುತ್ತಿದ್ದವಳು ಅವಳೇ. ಅವಳು ಪೊಲೀಸರ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಕಠಾರಿ ಒಳ್ಳೇದಾ, ಕೆಟ್ಟದ್ದಾ ಅಂತ ನನ್ನನ್ನೇ ಕೇಳಿದಳು. ಶಾಲೆಯ ಮಾಸ್ತರಲ್ಲವೇ ನಾನು!

‘ಬರೇ ಕಬ್ಬಿಣ ಅಜ್ಜಿ. ಹಾರೆ ಗುದ್ದಲಿ ಮಾಡ್ತಾರಲ್ಲ, ಅದೇ ಕಬ್ಬಿಣ’ ಅಂದೆ.

ನಾನು ನೋಡಿದ್ದರಲ್ಲೆಲ್ಲ ಶ್ರೇಷ್ಠವಾದ ಅಲಗು ಅದು. ಬಾಯಿ ತೊದಲಲೂ ಇಲ್ಲ.

ಹಾಲಮ್ಮ ನನ್ನ ದನಿಯ ಕಡೆ ಮುಖ ತಿರುಗಿಸಿದಳು. ‘ಮಾಘದಾಗೆ ಮೊಮ್ಮಗನ ಮದುವಿ ಇಟ್ಕಂಡೀವ್ರಿ. ಆವತ್ತಿಗೆ ಅದು ಬೇಕು. ಕೊಡ್ತೀರೇನ್ರಿ?’ ಅಂದಳು.

‘ಕೊಡದೆ ಎಲ್ಲಿಗೆ ಹೋಗ್ತೀವಿ ಅಜ್ಜಿ. ನಾನೇ ತಂದು ಕೊಡ್ತೀನಿ’ ಅಂದೆ.

ಅವಳು ಅದನ್ನು ಕಣ್ಣಿಗೊತ್ತಿಕೊಂಡು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟಳು. ಸಾಹುಕಾರರು ತಂಬಿಗೆಯನ್ನು ಅವಳ ಮಡಿಲಿಗೆ ಇಟ್ಟರು. ಜೀಪು ಊರು ದಾಟಿದ ಮೇಲೆ ಅವರು ನಕ್ಕ ನಗೆಗೆ ಎಲೆಯಡಿಕೆಯ ರಸ ಗಾಜಿಗೆಲ್ಲ ಸಿಡಿಯಿತು. ಅದನ್ನು ಒರೆಸಿದವನು ನಾನು.

ಹೀಗೆ ಹರಿಹರದ ಸುತ್ತಿನ ಹಳ್ಳಿಗಳಿಂದ ಮೂರು ಗೋಣಿಚೀಲ ತುಂಬಿತು. ನಾನು ಪ್ರತಿಯೊಂದಕ್ಕೂ ದಾರ ಕಟ್ಟಿ ಚೀಟಿ ಬರೆದಿದ್ದೆ: ಯಾವ ಊರು, ಯಾರ ಮನೆ, ಹೇಗೆ ಪೂಜೆಯಾಗುತ್ತಿತ್ತು, ಯಾವ ಬಗೆಯ ಅಲಗು. ಆ ಚೀಟಿಗಳು ಚೆನ್ನಾಗಿದ್ದವು. ಇವತ್ತಿಗೆ ಅವು ಇದ್ದಿದ್ದರೆ ನಾಲ್ಕು ಜನಕ್ಕೆ ಉಪಯೋಗವಾಗುತ್ತಿತ್ತು. ಅವನ್ನು ಓದಿ ಇಮಾಮ್‌ಸಾಬರೂ ತಲೆದೂಗಿದ್ದರು. ಮೆಲ್ಲಗೆ ಎಣ್ಣೆಬಟ್ಟೆಯಲ್ಲಿ ಒರೆಸಿ ಇಡಬೇಕು, ಅವಸರ ಮಾಡಬಾರದು ಅಂತ ಸಾಹುಕಾರರಿಗೆ ತಿಳಿಸಿ ಹೇಳಿದರು.

ಸಾಹುಕಾರರಿಗೆ ಹೊಳಪು ಬೇಕಿತ್ತು. ಹಿತ್ತಲಿನಲ್ಲಿ ಎಮ್ಮೆಗೆ ನೀರು ಕುಡಿಸುವ ಸಿಮೆಂಟಿನ ತೊಟ್ಟಿ ಇತ್ತು. ಅದಕ್ಕೆ ಹುಣಸೆಹಣ್ಣು ಕಿವುಚಿ ನೀರು ತುಂಬಿ, ಕತ್ತಿ, ಕಠಾರಿ, ಕೊಡಲಿ ಎಲ್ಲವನ್ನೂ ಮುಳುಗಿಸಿದರು. ಕಾರ್ತಿಕದ ಚಳಿ ಆಗಷ್ಟೇ ಹಿಡಿದಿತ್ತು. ಮೂರನೆಯ ದಿನ ನಾನು ಹೋದಾಗ ತೊಟ್ಟಿಯ ಮೇಲೆ ಕರಿ ಕೆನೆ ಕಟ್ಟಿತ್ತು. ನೂರಾರು ಮಹಾನವಮಿಯ ಎಣ್ಣೆ, ವಿಭೂತಿ, ಅರಿಶಿಣ ಎಲ್ಲ ಬಿಟ್ಟುಕೊಂಡು ತೇಲುತ್ತಿದ್ದವು. ನೊಣ ಮುತ್ತಿದ್ದವು. ಯಾವುದೋ ಹಿಡಿಗೆ ಸುತ್ತಿದ್ದ ಕಂಕಣದ ದಾರ ಕೊಳೆತು ಅಂಚಿಗೆ ಅಂಟಿತ್ತು. ಕುಂಕುಮ ಕರಗಿ ಕೆಳಗಿನ ನೀರು ಕೆಂಪಗಿತ್ತು. ನೆಂಟರನ್ನು ಕರೆತಂದು ತೋರಿಸುತ್ತ ಸಾಹುಕಾರರು, ನೋಡ್ರಿ, ನಮ್ಮ ಹಿರೇರು ಕಡಿದ ವೈರಿಗಳ ರಕ್ತ ಈಗ ಬಿಡ್ತಾ ಐತೆ ಅಂದರು. ನೆಂಟರು ಹೋ ಅಂತ ನಕ್ಕರು. ನನ್ನ ಗಂಟಲಿಗೆ ತಿಂದ ಉಸುಳಿ ವಾಪಸು ಬಂದಿತ್ತು, ಅದನ್ನು ನುಂಗಿ ನಾನೂ ನಕ್ಕೆ. ಆಳುಗಳು ಇಟ್ಟಿಗೆಪುಡಿ ಹಾಕಿ ತೆಂಗಿನ ನಾರಿನಲ್ಲಿ ಗಸಗಸ ತಿಕ್ಕಿದರು. ಒಂದೇ ವಾರದಲ್ಲಿ ಎಲ್ಲವೂ ಖಾನಾವಳಿಯ ತಟ್ಟೆಗಳ ಹಾಗೆ ಫಳಫಳ ಹೊಳೆದವು. ಗುತ್ತೂರಿನ ಕಠಾರಿಯನ್ನು ಎತ್ತಿ ಬಿಸಿಲಿಗೆ ಹಿಡಿದೆ. ತುದಿಯಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಇಮಾಮ್‌ಸಾಬರು ಬಂದರು, ತೊಟ್ಟಿ ನೋಡಿದರು, ಬಂದ ದಾರಿಯಲ್ಲೇ ತಿರುಗಿ ಹೋದರು. ಆಮೇಲೆ ಹರಿಹರದ ಓಣಿಯಲ್ಲಿ ಎದುರಾದರೆ ಸಲಾಮು ಹೇಳುತ್ತಿದ್ದರು, ಕೂಡ್ರಿ ಅನ್ನುತ್ತಿರಲಿಲ್ಲ.

ಇನ್ನು ಚೀಟಿಗಳು. ಸಾಹುಕಾರರು ಒಂದು ಮಧ್ಯಾಹ್ನ ಅವನ್ನೆಲ್ಲ ಓದಿಸಿ ಕೇಳಿದರು. ಕೇಳಿ ಮುಖ ಹುಳ್ಳಗೆ ಮಾಡಿಕೊಂಡರು. ಗೋಡೆ ಅವರದು, ಹೆಸರು ಮಾತ್ರ ಗುತ್ತೂರಿನ ಹನುಮಂತಪ್ಪನದು, ಇನ್ಯಾವುದೋ ಊರಿನ ತಳವಾರನದು ಅಂದರೆ ಹೇಗೆ? ಎಲ್ಲ ಹರಿದು ಹೊಸದಾಗಿ ಬರೆಯಿರಿ ಅಂದರು. ಅದೇ ವಾರ ಕಮಿಟಿಯ ಮೀಟಿಂಗು ಇತ್ತು. ನಾನು ಎಲ್ಲ ಹರಿದೆ. ಕೂತು ಕೂತು ಒಂದು ಇಡೀ ಭಾನುವಾರ, ದಪ್ಪ ಕಾಗದದ ಮೇಲೆ, ಇಂಡಿಯನ್ ಇಂಕಿನಲ್ಲಿ, ಅಂಚಿಗೆ ಬಳ್ಳಿಯ ಚಿತ್ರ ಬರೆದು ಹೊಸ ಚೀಟಿ ಬರೆದೆ. ‘ಸಾಹುಕಾರರ ಮುತ್ತಜ್ಜನವರು ಯುದ್ಧದಲ್ಲಿ ಧರಿಸಿದ ಕಠಾರಿ.’ ‘ಮನೆತನದ ಹಿರಿಯ ದಂಡನಾಯಕರ ಖಡ್ಗ.’ ಹರಿಹರದ ಗುಜರಿಯಲ್ಲಿ ಸಿಕ್ಕಿದ, ರೈಲ್ವೆ ಹಳಿಯ ಮರದ ದಿಮ್ಮಿ ಕೆತ್ತುವ ಒಂದು ಬಾಚಿಯೂ ಅದರಲ್ಲಿತ್ತು. ಅದಕ್ಕೂ ‘ಕೋಟೆ ಬಾಗಿಲು ಒಡೆದ ಕೊಡಲಿ’ ಅಂತ ಬರೆದೆ. ಬುಧವಾರ ನಾನು ಖಾಯಂ ಆದೆ. ಪೇಡೆ ಹಂಚಿದೆ.

ಪುಷ್ಯದಲ್ಲಿ ಬೆಂಗಳೂರಿನಿಂದ ಯಾರೋ ದೊಡ್ಡ ಅಧಿಕಾರಿ ಬಂದಿದ್ದವರು ಗೋಡೆ ನೋಡಲು ಬಂದರು. ಸಾಹುಕಾರರು ಗುತ್ತೂರಿನ ಕಠಾರಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಇಟ್ಟು, ಮುತ್ತಜ್ಜನ ಕಥೆ ಹೇಳುತ್ತ ಕಣ್ಣಲ್ಲಿ ನೀರು ತಂದುಕೊಂಡರು. ಅಧಿಕಾರಿ ಬಾಚಿಯನ್ನು ಎರಡೂ ಕೈಯಲ್ಲಿ ಹಿಡಿದು, ಎಂಥ ಭಾರ, ಆಗಿನವರ ತೋಳಿನ ಶಕ್ತಿಯೇ ಬೇರೆ ಅಂದರು. ಪಕ್ಕದಲ್ಲಿ ನಿಂತ ನಾನು ಹೌದು ಸಾರ್ ಅಂದೆ. ನಗು ಬರಬೇಕಿತ್ತು. ಬರಲಿಲ್ಲ. ಮನೆಗೆ ಬಂದು ಎರಡು ಸಲ ಕೈ ತೊಳೆದೆ.

ಮಾಘ ಬಂತು. ಬಿಳಿಜೋಳದ ಕೊಯ್ಲು ಆಗುತ್ತಿತ್ತು, ದಾವಣಗೆರೆಯ ರಸ್ತೆಗಳಲ್ಲಿ ಹತ್ತಿ ಗಾಡಿಗಳ ಸಾಲು, ಗಾಳಿಯಲ್ಲೆಲ್ಲ ಅರಳೆಯ ಎಳೆ. ಒಂದು ಸಂಜೆ ಶಾಲೆ ಬಿಟ್ಟು ಹೊರಗೆ ಬಂದರೆ ಮೆಟ್ಟಿಲ ಮೇಲೆ ಹನುಮಂತಪ್ಪ ಕೂತಿದ್ದ. ತಲೆಗೆ ಹೊಸ ರುಮಾಲು, ಕೈಯಲ್ಲಿ ಮದುವೆಯ ಎಲೆಯಡಿಕೆ. ಬರುವ ಸೋಮವಾರ ಮದುವೆ, ಅದನ್ನು ಎರಡು ದಿನದ ಮಟ್ಟಿಗೆ ಕೊಡಬೇಕು ಅಂದ. ನಾನು ಏನೇನೋ ತಡವರಿಸಿದೆ, ಪೆಟ್ಟಿಗೆ ಅಂದೆ, ಬೀಗ ಅಂದೆ, ಸಾಹುಕಾರರು ಊರಲ್ಲಿ ಇಲ್ಲವೇನೋ ಅಂದೆ. ಅವನು ಎಲ್ಲ ಕೇಳಿಸಿಕೊಂಡ.

‘ನೀವೇ ಅಂದಿದ್ರಲ್ರಿ ಮಾಸ್ತರೆ, ಬರೇ ಕಬ್ಬಿಣ ಅಂತ. ಬರೇ ಕಬ್ಬಿಣ ಎರಡು ದಿನ ನಮ್ಮ ಮನ್ಯಾಗೆ ಇದ್ರೆ ಸಾಹುಕಾರ್ರಿಗೆ ಏನು ಹೋಗ್ತೈತ್ರಿ?’ ಅಂದ.

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿ ತಿಳಿಯದೆ ಕೇಳುತ್ತಿದ್ದ.

ಸಾಹುಕಾರರ ಹತ್ತಿರ ಹೋದೆ. ಅವರು ಊಟ ಮುಗಿಸಿ ಉಯ್ಯಾಲೆಯ ಮೇಲೆ ಕೂತು ಹಲ್ಲು ಚುಚ್ಚಿಕೊಳ್ಳುತ್ತಿದ್ದರು. ಅಷ್ಟು ದೊಡ್ಡ ಅಧಿಕಾರಿಯ ಮುಂದೆ ಮುತ್ತಜ್ಜನದು ಅಂತ ಹೇಳಿಯಾಗಿದೆ, ನಾಳೆ ಅದು ಗುತ್ತೂರಿನ ಹಂದರದಲ್ಲಿ ನಿಂಬೆಹಣ್ಣು ಚುಚ್ಚಿಸಿಕೊಂಡು ಮೆರವಣಿಗೆ ಹೋದರೆ ನೋಡಿದವರು ಏನಂದಾರು ಅಂದರು. ಆಮೇಲೆ ಹಲ್ಲಿನಿಂದ ಕಡ್ಡಿ ತೆಗೆದು, ‘ಚೀಲದಾಗೆ ಇನ್ನೊಂದು ಕಠಾರಿ ಬಿದ್ದೈತಲ್ಲ, ಅದನ್ನ ಕೊಟ್ಟು ಬರ್ರಿ. ಮುದುಕಿಗೆ ಕಣ್ಣು ಕಾಣಂಗಿಲ್ಲ’ ಅಂದರು.

ಖಾಯಂ ಆದವನು ನಾನು. ಇಲ್ಲ ಅಂದಿದ್ದರೆ ನನ್ನ ಕೂದಲೂ ಕೊಂಕುತ್ತಿರಲಿಲ್ಲ. ಹೆದರಿಕೆಯ ನೆಪವೂ ಇಲ್ಲ ನನಗೆ. ಚೀಲದಿಂದ ಆ ಇನ್ನೊಂದನ್ನು ತೆಗೆದೆ. ಉದ್ದ ಹೆಚ್ಚೂಕಡಿಮೆ ಅದೇ. ಮನೆಗೆ ತಂದು, ಎಡಗಡೆಯ ಕಂಬಿಗೆ ತಾಮ್ರದ ತಂತಿ ಸುತ್ತಿದೆ. ನೋಟ್‌ಬುಕ್ಕಿನಲ್ಲಿದ್ದ ನನ್ನದೇ ಚಿತ್ರ ನೋಡಿಕೊಂಡು, ಸುತ್ತು ಎಣಿಸಿ ಸುತ್ತಿದೆ. ದೀಪದ ಕಾಡಿಗೆಗೆ ಹರಳೆಣ್ಣೆ ಕಲಸಿ ಅಲಗಿಗೆ ಬಳಿದು ಕಪ್ಪು ಮಾಡಿದೆ. ಚಿತ್ರಕಲೆಯ ಮಾಸ್ತರಿಗೆ ಕಷ್ಟದ ಕೆಲಸವಲ್ಲ. ಮುಗಿದ ಮೇಲೆ ಚೆನ್ನಾಗಿ ಆಗಿದೆ ಅಂತ ಹೆಮ್ಮೆಯೂ ಪಟ್ಟೆ. ಛೀ, ನನ್ನ ಜನ್ಮಕ್ಕಿಷ್ಟು!

ಸೋಮವಾರ ಬೆಳಿಗ್ಗೆ ರಜೆ ಹಾಕಿ ಸೈಕಲ್ಲಿನಲ್ಲಿ ಗುತ್ತೂರಿಗೆ ಹೋದೆ. ಮನೆಯ ಮುಂದೆ ಹಂದರ, ತೋರಣ, ಡೊಳ್ಳು. ಮದುಮಗ ಅರಿಶಿಣದಲ್ಲಿ ಮಿಂದು, ಬಾಸಿಂಗ ಕಟ್ಟಿಕೊಂಡು ಹೊಸ್ತಿಲ ಒಳಗೆ ನಿಂತಿದ್ದ. ಕಠಾರಿ ಕೈಗೆ ಬರದೆ ಅವನು ಹೊಸ್ತಿಲು ದಾಟುವಂತಿರಲಿಲ್ಲ. ಬಂದ್ರು ಬಂದ್ರು, ಮಾಸ್ತರು ಬಂದ್ರು ಅಂತ ಹನುಮಂತಪ್ಪ ಓಡಿಬಂದು ನನ್ನ ಕೈ ಹಿಡಿದುಕೊಂಡ. ಕೊಟ್ಟ ಮಾತು ಉಳಿಸಿಕೊಂಡವನು ಅಂತ ನಾಲ್ಕು ಜನರ ಮುಂದೆ ಹೊಗಳಿದ. ಹಾಲಮ್ಮನ ಕೈಗೆ ಕಠಾರಿ ಕೊಟ್ಟೆ.

ಅವಳು ಮೊದಲು ತಂತಿಯ ಮೇಲೆ ಬೆರಳಾಡಿಸಿದಳು. ಮುಖ ಅರಳಿತು. ನನ್ನ ಎದೆ ಹಗುರಾಯಿತು. ಆಮೇಲೆ ಅದನ್ನು ಕಣ್ಣಿಗೊತ್ತಿಕೊಳ್ಳಲು ಮುಷ್ಟಿಯಲ್ಲಿ ಹಿಡಿದಳು, ಹಿಡಿದವಳು ಹಾಗೇ ನಿಂತಳು. ಬಿಟ್ಟು ಇನ್ನೊಮ್ಮೆ ಹಿಡಿದಳು. ನನ್ನ ತೋಳು ಹಿಡಿದು ಪಡಸಾಲೆಯ ಮೂಲೆಗೆ ಎಳೆದುಕೊಂಡು ಹೋದಳು. ಬೀಗರ ಕಡೆಯವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದಳು.

‘ಇದು ನಮ್ಮದಲ್ರಿ. ನಮ್ಮದರಾಗೆ ನನ್ನವು ಮೂರೇ ಬೆರಳು ಹಿಡಿಸ್ತಿದ್ದುವು, ಇದರಾಗೆ ನಾಕೂ ಕುಂತುವು’ ಅಂದಳು.

ಅಲಗು ನೋಡಿದ್ದೆ, ಗೆರೆ ನೋಡಿದ್ದೆ, ತಂತಿಯ ಸುತ್ತು ಎಣಿಸಿದ್ದೆ. ಅದರ ಹಿಡಿಯೊಳಗೆ ಒಮ್ಮೆಯೂ ನಾನು ಕೈ ಹಾಕಿ ನೋಡಿರಲಿಲ್ಲ. ಅಜ್ಜಿ, ಅದು ಅಂತ ಏನೋ ಶುರು ಮಾಡಿದೆ. ಅವಳು ಬ್ಯಾಡ ಅನ್ನುವ ಹಾಗೆ ಕೈಯಾಡಿಸಿದಳು.

‘ಇದೂ ಯಾರದೋ ಮನೇದಲ್ರಿ. ಅವರ ಮನ್ಯಾಗೂ ಮದುವಿ ಇರ್ತಾವ. ಒಯ್ದು ಅವರಿಗೆ ಕೊಟ್ಟ್‌ಬಿಡ್ರಿ’ ಅಂದಳು.

ಅಷ್ಟೇ. ಬೈಯಲಿಲ್ಲ. ನಾಲ್ಕು ಜನರ ಮುಂದೆ ನನ್ನ ಮಾನ ತೆಗೆಯಬಹುದಿತ್ತು, ತೆಗೆಯಲಿಲ್ಲ. ಬೈದಿದ್ದರೆ ಇವತ್ತು ಇದನ್ನು ಬರೆಯುತ್ತಿದ್ದೆನೋ ಇಲ್ಲವೋ. ಅವಳು ಸೊಸೆಯನ್ನು ಕರೆದು, ಜೋಳ ಕೊಯ್ಯುವ ಕುಡುಗೋಲು ತರಿಸಿ, ಅದರ ತುದಿಗೆ ನಿಂಬೆಹಣ್ಣು ಚುಚ್ಚಿ ಮೊಮ್ಮಗನ ಕೈಗೆ ಕೊಟ್ಟಳು. ಹುಡುಗ ಅಜ್ಜಿಯ ಮುಖ ನೋಡಿದ, ಅಪ್ಪನ ಮುಖ ನೋಡಿದ, ಕುಡುಗೋಲು ಹಿಡಿದು ಹೊಸ್ತಿಲು ದಾಟಿದ. ಹೆಣ್ಣಿನ ಕಡೆಯ ಒಬ್ಬ, ಬೀಗರ ಹುಡುಗ ಮದುವೆಗೆ ಬಂದನೋ ಕೊಯ್ಲಿಗೆ ಹೊರಟನೋ ಅಂದ. ಹಂದರವೆಲ್ಲ ನಕ್ಕಿತು. ಹುಡುಗಿಯ ಸೋದರಮಾವ ಮಾತ್ರ ನಗಲಿಲ್ಲ. ಕಠಾರಿ ಇರುವ ಮನೆತನ ಅಂತ ಕೇಳಿ ಹೆಣ್ಣು ಕೊಟ್ಟಿದ್ದೇವೆ, ಇದೇನು ಅಪಶಕುನ ಅಂತ ಎದ್ದು ನಿಂತ. ಹನುಮಂತಪ್ಪ ಹೊಸ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಅವನ ಮುಂದೆ ಬಾಗಿದ್ದನ್ನು ನೋಡಿದೆ. ಹೇಗೋ ಹಿರಿಯರು ನಡುವೆ ಬಂದು ಅಕ್ಷತೆ ಬಿದ್ದಿತು. ಮದುಮಗನ ಕಿವಿ ಕೆಂಪಗಾಗಿದ್ದವು, ಅವನು ಯಾರ ಕಡೆಗೂ ತಲೆಯೆತ್ತಲಿಲ್ಲ.

ಊಟ ಮಾಡದೆ ಹೋಗಬಾರದು ಅಂತ ಹನುಮಂತಪ್ಪನೇ ಪಂಕ್ತಿಯಲ್ಲಿ ಕೂರಿಸಿದ. ಕೂತೆ. ಗೋಧಿಹುಗ್ಗಿ ಬಡಿಸಿದರು, ಉಂಡೆ. ಇನ್ನೊಂದು ಸೌಟು ಹಾಕಿದರು, ಅದನ್ನೂ ಉಂಡೆ.

ಮಧ್ಯಾಹ್ನ ಸೈಕಲ್ ಹತ್ತಿದವನು ದಾವಣಗೆರೆಯ ಕಡೆ ತಿರುಗಲಿಲ್ಲ. ಕಠಾರಿಯನ್ನು ಟವಲಿನಲ್ಲಿ ಸುತ್ತಿ ಕ್ಯಾರಿಯರಿಗೆ ಸಿಕ್ಕಿಸಿಕೊಂಡು ಹೊಳೆದಂಡೆಯ ಊರುಗಳ ಕಡೆ ಹೊರಟೆ. ಅದು ಯಾರ ಮನೆಯದು? ಬರೆದ ಚೀಟಿಯನ್ನು ನಾನೇ ಹರಿದಿದ್ದೆ. ನೋಟ್‌ಬುಕ್ಕಿನಲ್ಲಿ ಬರೇ ಅಲಗಿನ ಚಿತ್ರವಿತ್ತು, ಮನೆಯ ಹೆಸರಿರಲಿಲ್ಲ. ಮಹಾನವಮಿಯ ವಾರ ಕಠಾರಿ ಸಿಕ್ಕಿದ್ದು ಯಾವ ಊರುಗಳಲ್ಲಿ ಅನ್ನುವುದಷ್ಟೇ ಮಸುಕಾಗಿ ನೆನಪಿತ್ತು. ಬಿಸಿಲು ಏರಿತ್ತು. ಮೊದಲ ಊರಿನಲ್ಲಿ ಎರಡು ಮನೆಗೆ ಹೋದೆ. ಟವಲು ಬಿಚ್ಚಿ ತೋರಿಸಿ, ಇದು ನಿಮ್ಮದೇನು ಅಂದೆ. ಅಲ್ಲ ಅಂದರು. ನಮ್ಮ ಮನೆಯಲ್ಲಿ ಇಂಥದ್ದು ಯಾವತ್ತೂ ಇರಲಿಲ್ಲ ಅಂದರು. ಒಬ್ಬ ಬಾಗಿಲೇ ಮುಂದೆ ಮಾಡಿದ.

ಎರಡನೆಯ ಊರಿನ ಕೊನೆಯ ಮನೆ. ಕಣದಿಂದ ಆಗ ತಾನೆ ಬಂದ ಒಬ್ಬ ತೆಳ್ಳಗಿನ ಗಂಡಸು ಕಟ್ಟೆಯ ಮೇಲೆ ನೀರು ಕುಡಿಯುತ್ತಿದ್ದ. ಒಳಗೆ ಗೂಡಿನಲ್ಲಿ ಸ್ಟೀಲಿನ ತಂಬಿಗೆ ಕಾಣುತ್ತಿತ್ತು, ಅದಕ್ಕೆ ವಿಭೂತಿಯ ಮೂರು ಗೆರೆ ಎಳೆದಿದ್ದರು. ನಾವು ಕೊಟ್ಟ ತಂಬಿಗೆ. ಕಠಾರಿ ಇದ್ದ ಜಾಗದಲ್ಲಿ ಅದನ್ನಿಟ್ಟು ಪೂಜೆ ಮಾಡುತ್ತಿದ್ದರು. ನಾನು ಟವಲು ಬಿಚ್ಚಿದೆ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ನೋಡಿದವಳೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎರಡೂ ಕೈ ಜೋಡಿಸಿ ಎದೆಗೆ ತಂದಳು. ಅವನು ಅವಳ ಕಡೆ ಒಂದು ಸಲ ತಿರುಗಿ ನೋಡಿದ, ಅವಳು ಕೈ ಇಳಿಸಿ ಒಳಗೆ ಸರಿದಳು.

‘ನಮ್ಮದಲ್ರಿ’ ಅಂದ.

ನಾನು ಕಟ್ಟೆಯ ಮೇಲೆ ಕೂತು, ಹೇಳಬೇಕಾದ್ದೆಲ್ಲ ಹೇಳಿದೆ. ಪೊಲೀಸರು ಬರುವುದಿಲ್ಲ, ಅದೆಲ್ಲ ಸುಳ್ಳು, ನಾನೇ ಹುಟ್ಟಿಸಿದ ಸುಳ್ಳು, ಇದು ಬರೇ ಕಬ್ಬಿಣವಲ್ಲ, ಒಳ್ಳೆಯ ಉಕ್ಕು, ನಿಮ್ಮ ಹಿರಿಯರದು, ಇಟ್ಟುಕೊಳ್ಳಿ ಅಂದೆ. ಹೇಳುತ್ತ ಹೇಳುತ್ತ ನನಗೇ ಗೊತ್ತಾಗುತ್ತಿತ್ತು, ಮೊದಲ ಸಲ ಸುಳ್ಳು ಹೇಳಿದಾಗಲೂ ನನ್ನ ಮುಖ, ನನ್ನ ದನಿ ಹೀಗೇ ಇದ್ದವು. ಅವನು ನೆಲ ನೋಡುತ್ತ ಕೇಳಿಸಿಕೊಂಡ. ನಮ್ಮ ಮನೆಯಲ್ಲಿ ಇಂಥದ್ದು ಯಾವತ್ತೂ ಇರಲಿಲ್ಲ ಅಂತ ಇನ್ನೊಮ್ಮೆ ಹೇಳಿದ. ನಾನು ಕಠಾರಿಯನ್ನು ಕಟ್ಟೆಯ ಮೇಲೆಯೇ ಬಿಟ್ಟು, ಹಿಂದೆ ನೋಡದೆ ಸೈಕಲ್ ಹತ್ತಿದೆ.

ಊರ ಬಾವಿಯ ತನಕವೂ ಬಂದಿರಲಿಲ್ಲ. ಹಿಂದೆ ಬರಿಗಾಲಿನ ಸದ್ದು. ಓಡಿ ಓಡಿ ಬಂದವನು ಏದುಸಿರು ಬಿಡುತ್ತ ಸೈಕಲ್ಲಿನ ಹಿಂದೆ ಹಿಡಿದು ನಿಲ್ಲಿಸಿದ. ಕಠಾರಿಯನ್ನು ಟವಲಿನಲ್ಲಿ ಮೊದಲಿನ ಹಾಗೆಯೇ ಸುತ್ತಿದ್ದ. ಅದನ್ನು ಕ್ಯಾರಿಯರಿಗೆ ಸಿಕ್ಕಿಸಿ, ಬೀಳದ ಹಾಗೆ ತನ್ನ ಸೊಂಟದ ಹುರಿ ಬಿಚ್ಚಿ ಕಟ್ಟಿದ. ನಾನು ಶಾಲೆಯ ಮಾಸ್ತರು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು, ಮಹಾನವಮಿಯಲ್ಲಿ ಅವನ ಕೈಯಿಂದ ಬನ್ನಿ ಇಸಿದುಕೊಂಡವನು ನಾನು. ಆದರೂ ಪೊಲೀಸರಿಗೆ ಮುಗಿಯುವ ಹಾಗೆ ಕೈಮುಗಿದು, ‘ಸಾಹೇಬ್ರೆ, ನಮ್ಮನ್ನ ಬಿಟ್ಟ್‌ಬಿಡ್ರಿ’ ಅಂದ.